ಶಾಂತಪ್ಪನ ಕೋಲಿಗೆ ಸುತ್ತಿದ ಬಟ್ಟೆ

ಮಾರ್ಚ್ ತಿಂಗಳ ಪೂರಾ ಸಂಬಳ, ಏಪ್ರಿಲ್‌ನ ಹನ್ನೊಂದು ದಿನದ ಕೂಲಿ. ಕುಶಾಲನಗರದ ಹತ್ತಿರ ಕೂಡ್ಲೂರಿನಲ್ಲಿರುವ ಹೊಳೆದಂಡೆ ಎಂಜಿನಿಯರಿಂಗ್ ವರ್ಕ್ಸ್ ಎಂಬ ವರ್ಕ್‌ಶಾಪು ಡ್ರಿಲ್ಲಿಂಗ್ ಮೆಷಿನ್ನಿನ ಶಾಂತಪ್ಪನಿಗೆ ಕೊಡಬೇಕಾದ ಬಾಕಿ ಇದು. ಕೊಟ್ಟಿಲ್ಲ. ಇದರ ಜೊತೆಗೆ ಇನ್ನೊಂದು ಬಾಕಿಯೂ ಇದೆ, ಒಂದು ಕಾಗದ. 'ಬೇಕೆಂದೇ ಮಾಲು ಕೆಡಿಸಿದ್ದಕ್ಕೆ ಕೆಲಸದಿಂದ ನಿಲ್ಲಿಸಲಾಗಿದೆ' ಅಂತ ಬರೆದು ಅವನ ಕೈಗೆ ಕೊಟ್ಟಿದ್ದಾರಲ್ಲ, ಅದು ಸುಳ್ಳು ಅಂತ ಅದೇ ಸೀಲು ಒತ್ತಿ ಬರೆದುಕೊಡಬೇಕಾದ ಕಾಗದ.

ಶಾಂತಪ್ಪನಿಗೆ ಸಂಬಳಕ್ಕಿಂತ ಕಾಗದದ ಮೇಲೇ ಕಣ್ಣು. ಯಾಕೆ ಅಂದರೆ, ಕುಶಾಲನಗರದಿಂದ ಹುಣಸೂರಿನ ತನಕ ಇರುವ ವರ್ಕ್‌ಶಾಪುಗಳನ್ನು ಎರಡು ಕೈ ಬೆರಳಲ್ಲಿ ಎಣಿಸಬಹುದು. ಒಬ್ಬ ಓನರು ಸೀನಿದರೆ ಇನ್ನೊಬ್ಬ ಮೂಗು ಒರೆಸಿಕೊಳ್ಳುತ್ತಾನೆ. 'ಮಾಲು ಕೆಡಿಸೋನು' ಅಂತ ಹೆಸರು ಬಿದ್ದವನಿಗೆ ಐವತ್ತೆರಡನೇ ವಯಸ್ಸಿನಲ್ಲಿ ಯಾವ ಗೇಟೂ ತೆರೆಯಲ್ಲ.

ಶಾಂತಪ್ಪ ಶನಿವಾರಸಂತೆ ಕಡೆಯವನು. ಹೊಳೆದಂಡೆಯಲ್ಲಿ ಹನ್ನೊಂದು ವರ್ಷ ದುಡಿದ. ಅಲ್ಲಿ ಕಾಫಿ ತೋಟಗಳಿಗೆ ಔಷಧಿ ಹೊಡೆಯುವ ಪಂಪು ತಯಾರಾಗುತ್ತೆ. ಪಂಪಿನ ಹೊಟ್ಟೆಯೊಳಗೆ ಒಂದು ಉಕ್ಕಿನ ಕೊಳವೆ ಇರುತ್ತೆ, ಅಡಿ ಉದ್ದದ್ದು. ಅದರೊಳಗೆ ಪಿಸ್ಟನ್ನು ನಿಮಿಷಕ್ಕೆ ನೂರಾರು ಸಲ ಹೋಗಿ ಬರುತ್ತೆ. ಪಿಸ್ಟನ್ನಿನ ತುದಿಯಲ್ಲಿ ರಬ್ಬರ್ ವಾಷರ್. ಕೊಳವೆಯ ಒಳಮೈ ನುಣ್ಣಗಿದ್ದರೆ ವಾಷರ್ ಎರಡು ಮಳೆಗಾಲ ತಾಳುತ್ತೆ. ಕೂದಲೆಳೆಯಷ್ಟು ಗೀರಿದ್ದರೂ ವಾರದಲ್ಲಿ ಹರಿದು, ಪ್ರೆಷರ್ ಸತ್ತು, ಔಷಧಿ ಗಿಡದ ತುದಿಗೆ ಹಾರುವ ಬದಲು ಹೊಡೆಯುವವನ ಕಾಲಿಗೇ ಸುರಿಯುತ್ತೆ.

ಆ ಕೊಳವೆ ಕೊಳವೆಯಾಗಿ ಬರಲ್ಲ. ಗಟ್ಟಿ ಸರಳಾಗಿ ಬರುತ್ತೆ. ಅದರ ನಡುವೆ ಹೆಬ್ಬೆರಳು ತೂರುವಷ್ಟು ತೂತು ಕೊರೆದು, ಆಮೇಲೆ ರೀಮರ್ ಅನ್ನೋ ಹಲ್ಲುಗೋಲು ಇಳಿಸಿ ಒಳಮೈ ಹೆರೆದು ನುಣುಪು ಮಾಡೋನು ಶಾಂತಪ್ಪ. ತೆಳು ಪಟ್ಟಿಯಲ್ಲಿ ತೂತು ಕೊರೆಯೋಕೆ ಯಾವನಾದರೂ ಸೈ. ಆಳದ ತೂತಿನ ಕಥೆ ಬೇರೆ. ಡ್ರಿಲ್ಲು ನಾಲ್ಕು ಬೆರಳು ಇಳಿದ ಮೇಲೆ ಒಳಗೇನಾಗುತ್ತಿದೆ ಅಂತ ಯಾವ ಕಣ್ಣಿಗೂ ಕಾಣಲ್ಲ. ಕತ್ತರಿಸಿದ ಉಕ್ಕಿನ ತುರಿ ಹೊರಗೆ ಬರಬೇಕು, ತಂಪು ಮಾಡುವ ಕೂಲೆಂಟು ಒಳಗೆ ಹೋಗಬೇಕು. ಇಬ್ಬರಿಗೂ ಇರೋದು ಒಂದೇ ಓಣಿ. ಆ ಓಣಿಯಲ್ಲಿ ಒಂದು ಚೂರು ತುರಿ ಸಿಕ್ಕಿಕೊಂಡರೆ ಡ್ರಿಲ್ಲು ಅದನ್ನೇ ಗೋಡೆಗೆ ಉಜ್ಜಿ ಗೀರು ಎಳೆಯುತ್ತೆ.

ಅದಕ್ಕೇ ಶಾಂತಪ್ಪನದು ಅರ್ಧರ್ಧ ಬೆರಳಿನ ಲೆಕ್ಕ. ಅಷ್ಟು ಇಳಿಸು, ಹೊರಗೆಳೆ, ತುರಿ ಉದುರಿಸು, ಕೂಲೆಂಟು ಬಿಡು, ಮತ್ತೆ ಇಳಿಸು. ತುರಿ ಬೆಳ್ಳಿ ಬಣ್ಣದಲ್ಲಿ, ಉಗುರು ಕತ್ತರಿಸಿದ ಹಾಗೆ ತುಂಡು ತುಂಡಾಗಿ ಬಿದ್ದರೆ ಸರಿ. ದಾರದ ಹಾಗೆ ಉದ್ದಕ್ಕೆ ಬಂದರೆ, ಇಲ್ಲಾ ನೀಲಿಗೆ ತಿರುಗಿದರೆ, ಡ್ರಿಲ್ಲಿನ ಬಾಯಿ ಮೊಂಡಾಗಿದೆ ಅಂತ ಬಿಚ್ಚಿ ಸಾಣೆಗೆ ಹಿಡಿಯುತ್ತಾನೆ.

ಇನ್ನೊಂದು ಅವನೊಬ್ಬನದೇ ರೂಢಿ. ಅವನ ಹತ್ತಿರ ಕಾಫಿ ಗಿಡದ ಒಂದು ಕೋಲಿದೆ. ನೇರಕ್ಕಿದೆ, ಸಿಬರೇಳಲ್ಲ, ಉಕ್ಕಿಗೆ ಗೀರಲ್ಲ. ಅದರ ತುದಿಗೆ ಹಳೇ ಬಿಳಿ ಪಂಚೆಯ ಚೂರು ಸುತ್ತಿ, ಕೊರೆದ ಪ್ರತಿ ತೂತಿನೊಳಗೂ ಆಡಿಸಿ ತೆಗೆಯುತ್ತಾನೆ. ಬಟ್ಟೆಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಗೀರಿದೆ. ಟಾರ್ಚಿಗೆ ಕಾಣದ್ದು ಪಂಚೆಗೆ ಸಿಗುತ್ತೆ. ವಾರದ ಬಟ್ಟೆಚೂರೆಲ್ಲ ಒಂದು ಚೀಲಕ್ಕೆ ತುಂಬಿ ಭಾನುವಾರ ಹೆಂಡತಿ ಶಿವಮ್ಮನ ಮುಂದೆ ಇಡೋದು, ಅವಳು ಬೈದುಕೊಂಡೇ ಒಗೆದುಕೊಡೋದು.

ಮಾರ್ಚ್‌ನಲ್ಲಿ ಆ ಬಟ್ಟೆ ಸಿಕ್ಕಿಕೊಳ್ಳೋಕೆ ಶುರುವಾಯಿತು.

ಮೊದಲು ದಿನಕ್ಕೊಂದು ಕೊಳವೆ. ಆಮೇಲೆ ನಾಲ್ಕು. ಡ್ರಿಲ್ಲು ಬದಲಿಸಿದ, ರೀಮರ್ ಬದಲಿಸಿದ, ಸರಳಿನ ಉಕ್ಕೇ ಕೆಟ್ಟದ್ದಿರಬೇಕು ಅಂತ ಬೇರೆ ಸರಳು ತರಿಸಿದ. ತುರಿ ನೋಡಿದರೆ ಬೆಳ್ಳಿ, ತುಂಡು ತುಂಡು, ಒಂದು ದೋಷ ಇಲ್ಲ. ಬಟ್ಟೆ ಮಾತ್ರ ಸಿಕ್ಕಿಕೊಳ್ಳುತ್ತೆ. ಅಷ್ಟರಲ್ಲಿ ಆಗಲೇ ಮಾರಾಟವಾಗಿದ್ದ ಪಂಪುಗಳು ಸುಂಟಿಕೊಪ್ಪ, ಸೋಮವಾರಪೇಟೆ ಕಡೆಯಿಂದ ವಾಪಸ್ ಬಂದವು. ಎಲ್ಲದರ ವಾಷರೂ ಚಿಂದಿ.

ಮನುಷ್ಯನಿಗೆ ತನ್ನ ಕೈಮೇಲೆ ನಂಬಿಕೆ ಇದ್ದು ಕೆಲಸ ಕೆಟ್ಟಾಗ, ಅವನ ಕಣ್ಣು ಪಕ್ಕದವನ ಕಡೆ ತಿರುಗುತ್ತೆ. ಶಾಂತಪ್ಪನ ಕಣ್ಣು ಪಕ್ಕದ ಲೇತಿನ ಮಂಜೇಶನ ಮೇಲೆ ಬಿತ್ತು. ಮೂವತ್ತರ ಆಳು, ಚುರುಕು. 'ಶಾಂತಣ್ಣ ರಿಟೈರಾದ್ರೆ ಈ ಮೆಷಿನ್ನು ನಂಗೇ' ಅಂತ ತಮಾಷೆ ಮಾಡೋನು. ಆ ತಮಾಷೆ ಈಗ ಶಾಂತಪ್ಪನ ಕಿವಿಯಲ್ಲಿ ಬೇರೆ ಥರ ಕೇಳತೊಡಗಿತು.

"ಏನ್ಲಾ, ನನ್ ಮೆಷಿನ್ ಹತ್ರ ಏನ್ ನಿಂಗ್ ಕೆಲ್ಸ?"

"ಸ್ಪ್ಯಾನರ್ ತಗಳಾಕ್ ಬಂದಿದ್ದೆ ಕಣಣ್ಣ."

"ನಿನ್ ಸ್ಪ್ಯಾನರ್ ಏನ್ ಹೆಂಡ್ತಿ ಮನೆಗೋಯ್ತಾ?"

ಮಂಜೇಶ ನಕ್ಕ. ಶಾಂತಪ್ಪ ನಗಲಿಲ್ಲ. ಮಾರನೆಯ ದಿನ ಊಟಕ್ಕೆ ಹೋಗುವ ಮೊದಲು ಮೆಷಿನ್ನಿನ ಹಿಡಿಕೆ ನಿಂತ ಜಾಗಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಹೋದ. ಬಂದು ನೋಡಿದರೆ ಹಿಡಿಕೆ ಗೆರೆ ದಾಟಿ ಎರಡು ಬೆರಳು ಆಚೆ ನಿಂತಿದೆ.

ಅಷ್ಟೇ ಸಾಕಾಯಿತು. ಗೇಟಿನ ಎದುರಿನ ಮಾಲತಿಯ ಟೀ ಅಂಗಡಿಯಲ್ಲಿ, ಹತ್ತು ಜನರ ಮುಂದೆ, ಶಾಂತಪ್ಪ ಮಂಜೇಶನ ಕಾಲರಿಗೇ ಕೈ ಹಾಕಿದ.

"ನನ್ ಹೊಟ್ಟೆ ಮೇಲೆ ಹೊಡೀತಿದೀಯೇನ್ಲಾ? ಊಟದ್ ಹೊತ್ನಲ್ಲಿ ನನ್ ಮೆಷಿನ್ ಮುಟ್ಟಿದ್ ನೀನಲ್ವ?"

"ಮುಟ್ಟಿದ್ದು ಹೌದು! ನಮ್ ಮಾವನ್ ಟಿಲ್ಲರಿಗೆ ಒಂದ್ ಬುಷ್ ಕೊರ್ಕೊಂಡೆ. ಅದ್ಕೇ ಗಲ್ಲಿಗ್ ಹಾಕ್ಸು!" ಮಂಜೇಶ ಕಾಲರ್ ಬಿಡಿಸಿಕೊಂಡ. "ನಿನ್ ಮೆಷಿನ್ನು ನೀನೇ ಇಟ್ಕೊ. ಅರಿಶಿನ ಕುಂಕುಮ ಹಚ್ಚಿ ಮನೇಲಿಟ್ಕೊ."

"ಎಂತ ಮಾರಾಯ್ರೆ, ಗ್ಲಾಸ್ ಒಡೀಬೇಡಿ, ನಂಗೆ ಯಾರೂ ಹೊಸತು ತಂದ್ಕೊಡುದಿಲ್ಲ" ಅಂದಳು ಮಾಲತಿ.

ಈ ಗಲಾಟೆ ಸುಮ್ಮನೆ ಅಂಗಡಿಯಲ್ಲೇ ಮುಗಿಯಲಿಲ್ಲ. ರೈಟರ್ ಪುಟ್ಟರಾಜು ಅಲ್ಲೇ ಬನ್ನು ತಿನ್ನುತ್ತಿದ್ದ. ವರ್ಕ್‌ಶಾಪಿನ ಓನರ್ ಸುನಿಲ್ ಅವರಿಗೆ ಸುಂಟಿಕೊಪ್ಪದ ಹತ್ತಿರ ಕಾಫಿ ಎಸ್ಟೇಟಿದೆ. ಪುಟ್ಟರಾಜು ಆ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಆಗಿದ್ದವನು. ಎರಡು ವರ್ಷದ ಹಿಂದೆ ಸುನಿಲ್ ಅವನನ್ನು ಕರೆತಂದು ವರ್ಕ್‌ಶಾಪಿನ ಮೇಲ್ವಿಚಾರಣೆಗೆ ಕೂರಿಸಿದರು. ಉಕ್ಕು ಗೊತ್ತಿಲ್ಲ, ದುಡ್ಡು ಮಿಗಿಸೋದು ಗೊತ್ತು. ಹೆಸರು ಮಾತ್ರ ಇಲ್ಲೂ ರೈಟರ್ರೇ.

'ಮೆಷಿನ್ನಿಗೆ ಯಾರೋ ಕೈ ಹಾಕುತ್ತಿದ್ದಾರಂತೆ' ಅನ್ನುವ ಮಾತು ಓನರ್ ಕಿವಿಗೆ ಬಿತ್ತು. ಏಪ್ರಿಲ್ ಹನ್ನೊಂದರ ಬೆಳಿಗ್ಗೆ ಸುನಿಲ್ ಬಂದು ಎಲ್ಲರ ಸಾಮಾನಿನ ಪೆಟ್ಟಿಗೆ ತೆರೆಸಿದರು. ಕೂಗಿದವನೇ ಶಾಂತಪ್ಪ, ಅವನ ಪೆಟ್ಟಿಗೆಯೇ ಮೊದಲು. ಮೇಲಿದ್ದ, ತೂತು ಒರೆಸಿದ ಬಟ್ಟೆಯ ಅಂಚಿನಲ್ಲಿ ನೀಲಿ ಕಲೆ. ಕೆಳಗೆ, ಬಿರಡೆ ಹಾಕಿದ ಬಾಟಲಿಯಲ್ಲಿ ಆಕಾಶನೀಲಿ ನೀರು.

"ಇದೇನು ಶಾಂತಪ್ಪ?"

"ಮಾರ್ಕಿಂಗ್ ನೀರು ಸರ್."

"ಅಂದ್ರೆ?"

"ಮೈಲುತುತ್ತ ನೀರಲ್ಲಿ ಕರಗ್ಸಿರದು. ಉಕ್ಕಿಗೆ ಸವರಿದ್ರೆ ತಾಮ್ರದ್ ಪೊರೆ ಕೂರುತ್ತೆ, ಗೆರೆ ಎಳೆದ್ರೆ ಚೆನ್ನಾಗಿ ಕಾಣುತ್ತೆ. ಇಪ್ಪತ್ ವರ್ಷದಿಂದ ಇಟ್ಕಂಡಿದೀನಿ."

ಸುನಿಲ್ ತೋಟದವರು. ಮೈಲುತುತ್ತ ಕಬ್ಬಿಣ ತಿನ್ನುತ್ತೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು. ಬಟ್ಟೆ ನೋಡಿದರು, ಬಾಟಲಿ ನೋಡಿದರು, ಪುಟ್ಟರಾಜುವಿನ ಮುಖ ನೋಡಿದರು. ಜನವರಿಯಲ್ಲಿ ಐದು ಜನ ಸೇರಿ ಪಿ.ಎಫ್. ಕಟ್ಟಿ, ಇ.ಎಸ್.ಐ. ಕಾರ್ಡು ಕೊಡಿ ಅಂತ ಅರ್ಜಿ ಕೊಟ್ಟಿದ್ದರು. ಅದರಲ್ಲಿ ಮೊದಲನೇ ಸಹಿ ಶಾಂತಪ್ಪನದು. ಓನರ್ ತಲೆಯಲ್ಲಿ ಎರಡಕ್ಕೂ ಗಂಟು ಬಿತ್ತು.

"ಅರ್ಜಿಗೆ ನಾನು ಉತ್ತರ ಕೊಡ್ಲಿಲ್ಲ ಅಂತ ಕೂಲೆಂಟಿಗೆ ಇದನ್ನ ಹಾಕ್ತಿದ್ಯಾ?"

ಮೂರು ದಿನದ ಹಿಂದೆ ಟೀ ಅಂಗಡಿಯಲ್ಲಿ ತಾನು ಮಂಜೇಶನಿಗೆ ಕೇಳಿದ್ದೂ ಇಂಥದ್ದೇ ಪ್ರಶ್ನೆ ಅನ್ನೋದು ಶಾಂತಪ್ಪನಿಗೆ ನೆನಪಾಯಿತು. ಮಧ್ಯಾಹ್ನದ ಹೊತ್ತಿಗೆ ಕಾಗದ ಕೈಗೆ ಬಂತು. ಹಾಳಾದ ಕೊಳವೆಗಳ ಲೆಕ್ಕಕ್ಕೆ ಸಂಬಳ ಹಿಡಿದುಕೊಂಡರು. ಪೆಟ್ಟಿಗೆ, ಕೋಲು, ಬಟ್ಟೆಯ ಚೀಲ ಹಿಡಿದು ಮನೆಗೆ ಬಂದ.

ಎರಡು ದಿನ ಜಗಲಿಯಲ್ಲಿ ಕೂತು ಒಬ್ಬೊಬ್ಬರನ್ನೇ ಅನುಮಾನಿಸಿದ. ಮಂಜೇಶ ಹಾಕಿದನೇ? ಪುಟ್ಟರಾಜುವೇ ಬಾಟಲಿ ನೋಡಿಟ್ಟುಕೊಂಡು ಬಟ್ಟೆಗೆ ಬಳಿದನೇ? ಅರ್ಜಿಗೆ ಸಹಿ ಹಾಕಿದ ಉಳಿದ ನಾಲ್ವರಲ್ಲಿ ಯಾರಾದರೂ ಓನರ್ ಕಡೆ ಹೋದರೇ? ಮೂರನೇ ದಿನ ಶಿವಮ್ಮ ಬಚ್ಚಲ ಕಲ್ಲಿನ ಹತ್ತಿರದಿಂದ ಕೂಗಿದಳು.

"ರೀ, ನಿಮ್ ವರ್ಕ್‌ಶಾಪಲ್ಲಿ ಬೋರ್ಡೋ ಯಾರು ಕಲಸ್ತಾರೆ?"

"ಏನಂದೆ?"

"ಬೋರ್ಡೋ. ನೋಡಿ ಬನ್ನಿ ಇಲ್ಲಿ."

ಶಿವಮ್ಮನ ತವರು ಸೋಮವಾರಪೇಟೆ ಕಡೆ, ಮನೆಗೆ ಎರಡೆಕರೆ ಕಾಫಿ. ಮಳೆಗೆ ಮುಂಚೆ ಮೈಲುತುತ್ತದ ನೀರಿಗೆ ಸುಣ್ಣದ ನೀರು ಬೆರೆಸಿ ಬೋರ್ಡೋ ಔಷಧಿ ಕಲಸೋದು ಮದುವೆಯಾಗುವ ತನಕ ಅವಳ ಕೆಲಸವಾಗಿತ್ತು. ಎಣ್ಣೆ ಜಿಡ್ಡು ಹೋದ ಬಟ್ಟೆಯ ಮೇಲೆ, ಹಿಂದಿನ ವಾರಗಳಲ್ಲಿ ಕಣ್ಣಿಗೆ ಬೀಳದಿದ್ದ ತೆಳು ನೀಲಿ ಕಲೆ ಉಳಿದಿತ್ತು. ಅವಳು ಆ ಜಾಗವನ್ನು ಬೆರಳ ನಡುವೆ ಹಿಡಿದು ಉಜ್ಜಿದಳು.

"ತರಿ ತರಿ ಅಂತಿಲ್ವಾ? ಬರೀ ತುತ್ತ ಆಗಿದ್ರೆ ನೀರಲ್ಲಿ ಕರಗೋಗ್ಬೇಕಿತ್ತು. ಇದು ಸುಣ್ಣದ ಮರಳು. ಎಷ್ಟ್ ಸೋಸಿದ್ರೂ ಗೋಣಿ ದಾಟಿ ಬಂದ್ಬಿಡುತ್ತೆ, ಡ್ರಮ್ಮಿನ್ ತಳ ಹಿಡ್ಕೊಳುತ್ತೆ. ನಮ್ಮಪ್ಪ ನಾಜಲ್ ಕಟ್ಟಿದ್ರೆ ನನ್ ತಲೆಗೇ ಮೊಟಕ್ತಿದ್ರು."

ಶಾಂತಪ್ಪ ಬಟ್ಟೆ ಇಸಿದುಕೊಂಡು ತಾನೂ ಉಜ್ಜಿ ನೋಡಿದ. ಮರಳು. ಡ್ರಿಲ್ಲೂ ಅಲ್ಲ, ಉಕ್ಕೂ ಅಲ್ಲ. ತಂಪು ಮಾಡಲಿ ಅಂತ ತೂತಿನೊಳಗೆ ಬಿಡುತ್ತಿದ್ದ ಕೂಲೆಂಟೇ ಮರಳು ಹೊತ್ತು ತಂದು ರೀಮರಿನ ಹಲ್ಲಿಗೆ ಕೊಡುತ್ತಿತ್ತು. ಕೂಲೆಂಟು ಎಣ್ಣೆ ನೀರಿಗೆ ಬಿದ್ದರೆ ಹಾಲಿನ ಥರ ಬೆಳ್ಳಗಾಗುತ್ತೆ. ಹಾಲಿನಲ್ಲಿ ಸುಣ್ಣ ಬೆರೆತರೆ ಯಾವನ ಕಣ್ಣಿಗೆ ಕಾಣುತ್ತೆ? ಮೊದಲು ಅದನ್ನು ಬಕೆಟ್ಟಿನಲ್ಲಿ ಅವನೇ ಕಲಸುತ್ತಿದ್ದ. ಫೆಬ್ರವರಿಯಿಂದ, ಎಣ್ಣೆ ಜಾಸ್ತಿ ಖರ್ಚಾಗುತ್ತೆ ಅಂತ ಪುಟ್ಟರಾಜು ಆ ಕೆಲಸ ತಾನೇ ಹಿಡಿದಿದ್ದ. ಹಿಂದಿನ ಶೆಡ್ಡಿನಲ್ಲಿ ಕಲಸಿ, ಬೆಳಿಗ್ಗೆ ಎಂಟಕ್ಕೆ ಟ್ಯಾಂಕಿಗೆ ಸುರಿದು ಹೋಗೋನು. ಆ ಶೆಡ್ಡಿನೊಳಗೆ ಏನಿದೆ ಅಂತ ಶಾಂತಪ್ಪ ನೋಡಿರಲಿಲ್ಲ. ನೋಡಿಬರೋಕೆ ಈಗ ಗೇಟಿನ ಒಳಗಿರುವ ಒಬ್ಬ ಬೇಕು.

ಸಂಜೆ ಮಂಜೇಶನ ಮನೆ ಬಾಗಿಲಿಗೆ ಹೋಗಿ ನಿಂತ. ಮಂಜೇಶ ಒಳಗೆ ಬಾ ಅನ್ನಲಿಲ್ಲ. ಶಾಂತಪ್ಪ ವಿಷಯ ಹೇಳಿದ.

"ಮೊದ್ಲು ತಪ್ಪಾಯ್ತು ಅನ್ನು" ಅಂದ ಮಂಜೇಶ.

"ಅಂದೆ ಅನ್ಕ."

"ಅನ್ಕೊಳದಿಲ್ಲ. ಹತ್ ಜನದ್ ಮುಂದೆ ಕಾಲರ್ ಹಿಡ್ದೆ. ಒಬ್ನ್ ಮುಂದೆ ಬಾಯ್ಬಿಟ್ ಹೇಳಾಕೆ ಏನ್ ಕಷ್ಟ?"

"ತಪ್ಪಾಯ್ತು ಕಣ್ಲಾ."

"ಹ್ಞಾಂ." ಮಂಜೇಶ ಬಾಗಿಲಿಗೆ ಒರಗಿದ. "ಶೆಡ್ಡಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ ಐತೆ. ಫೆಬ್ರವರೀಲಿ ಎಸ್ಟೇಟ್ ಪಿಕಪ್ಪಲ್ಲಿ ಬಂತು. ಇಳಿಸ್ದೋನು ನಾನೇ."

ಮಾರನೆಯ ದಿನ ಮಂಜೇಶ ಆ ಡ್ರಮ್ಮಿನ ತಳವನ್ನು ಕತ್ತಿಯಲ್ಲಿ ಕೆರೆದ. ಬೆರಳು ದಪ್ಪದ ಹೆಪ್ಪು ಕಿತ್ತು ಬಂತು. ಮೇಲೆ ಕೂಲೆಂಟಿನ ಜಿಡ್ಡು, ಕೆಳಗೆ ತಿಳಿನೀಲಿ. ಎಂಥ ಹೆಪ್ಪು ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ.

ಹತ್ತು ಗಂಟೆಯ ಟೀಗೆ ಹೊರಗೆ ಬಂದವರು ಅವತ್ತು ಬೆಲ್ ಹೊಡೆದರೂ ಒಳಗೆ ಹೋಗಲಿಲ್ಲ. ಹನ್ನೆರಡು ಜನ ಮಾಲತಿಯ ಅಂಗಡಿ ಮುಂದೆ ಸುಮ್ಮನೆ ನಿಂತರು. ಕೂಗಲಿಲ್ಲ, ಬಾವುಟ ಹಿಡಿಯಲಿಲ್ಲ. ಮೆಷಿನ್ ನಿಂತ ಸದ್ದು ಓನರಿಗೆ ಬೇಗ ಕೇಳುತ್ತೆ. ಸುನಿಲ್ ರಸ್ತೆ ದಾಟಿ ಬಂದರು, ಹಿಂದೆ ಪುಟ್ಟರಾಜು.

ಬೆಂಚಿನ ಮೇಲೆ ಎರಡು ಗಾಜಿನ ಲೋಟ. ಒಂದರಲ್ಲಿ ಶಾಂತಪ್ಪನ ಬಾಟಲಿಯ ನೀಲಿ ನೀರು. ಇನ್ನೊಂದರಲ್ಲಿ ಡ್ರಮ್ಮಿನ ಹೆಪ್ಪು ಕದಡಿದ ನೀರು. ಪಕ್ಕದಲ್ಲಿ ಉಜ್ಜಿ ಹೊಳೆಯುವ ಎರಡು ಉಕ್ಕಿನ ಕಡ್ಡಿ.

"ಸರ್, ತೋಟದಲ್ಲಿ ಬೋರ್ಡೋ ಹದ ಹೆಂಗ್ ನೋಡ್ತೀರಿ?" ಶಾಂತಪ್ಪ ಕೇಳಿದ.

ಸುನಿಲ್ ಬಾಗಿ ಲೋಟಗಳನ್ನು ನೋಡಿದರು. ಮಾಲತಿ ಟೀ ಸೋಸುತ್ತಲೇ ಹೇಳಿದಳು. ಅವಳೂ ತೋಟದ ಆಳುಗಳ ಲೈನು ಮನೆಯಲ್ಲಿ ಬೆಳೆದವಳು.

"ಕತ್ತಿ ಅದ್ದಿ ನೋಡುದು. ಕೆಂಪಾದ್ರೆ ಸುಣ್ಣ ಸಾಲದು. ಕೆಂಪಾಗದಿದ್ರೆ ಸುಣ್ಣ ಸರಿಯಾಗಿ ಬಿದ್ದದೆ. ಇದು ಮಕ್ಕಳಿಗೂ ಗೊತ್ತುಂಟು."

ಶಾಂತಪ್ಪ ಎರಡು ಕಡ್ಡಿಯನ್ನೂ ಒಟ್ಟಿಗೆ ಅದ್ದಿ, ನೂರು ಎಣಿಸಿ, ಎತ್ತಿದ. ಅವನ ಬಾಟಲಿಯ ನೀರಿಂದ ಎದ್ದ ಕಡ್ಡಿ ಹೊಸ ತಾಮ್ರದ ಕೊಡದ ಹಾಗೆ ಕೆಂಪು. ಡ್ರಮ್ಮಿನ ನೀರಿಂದ ಎದ್ದದ್ದು ಬಿಳಿ ಬಿಳಿಯಾಗೇ ಇತ್ತು. ಅದಕ್ಕೆ ಹತ್ತಿದ ಕೆಸರನ್ನು ಬೆರಳಿಗೆ ತಗೊಂಡು ಸುನಿಲ್ ಅವರ ಅಂಗೈ ಮೇಲೆ ಸವರಿದ.

"ಉಜ್ಜಿ ನೋಡಿ ಸರ್. ನನ್ ಬಾಟ್ಲಲ್ಲಿ ಸುಣ್ಣ ಇಲ್ಲ, ಮರಳಿಲ್ಲ. ಕೊಳವೇಲಿ ಗೀರ್ ಬಿದ್ದಿರದು ಮರಳಿಂದ. ಆ ಮರಳು ನಿಮ್ ತೋಟದ್ದು."

ಎಲ್ಲರೂ ಪುಟ್ಟರಾಜುವಿನ ಕಡೆ ತಿರುಗಿದರು.

"ತೊಳ್ದಿದ್ದೆ ಸರ್. ದೇವ್ರಾಣೆ ಮೂರ್ ಸಲ ನೀರ್ ಹಾಕಿ ತೊಳ್ದಿದ್ದೆ. ಎಸ್ಟೇಟಲ್ಲಿ ಅಷ್ಟೇ ತೊಳೀತಿದ್ವಿ. ಸುಮ್ನೆ ಬಿದ್ದಿತ್ತು, ಹೊಸ ಡ್ರಮ್ ಯಾಕೆ ಅಂತ..."

ಅವನು ಸುಳ್ಳು ಹೇಳುತ್ತಿರಲಿಲ್ಲ. ತೋಟದಲ್ಲಿ ಬೋರ್ಡೋ ಡ್ರಮ್ಮಿಗೆ ಮುಂದಿನ ವರ್ಷ ಮತ್ತೆ ಬೋರ್ಡೋನೇ ಬೀಳೋದು. ತಳ ಕೆರೆಯುವ ಅಗತ್ಯ ಯಾವ ರೈಟರಿಗೂ ಬಿದ್ದಿಲ್ಲ. ಬೋರ್ಡೋ ಹೊಡೆಯೋ ಪಂಪಿನ ಹೊಟ್ಟೆ ಕೆಡಿಸಿದ್ದು ಬೋರ್ಡೋನೇ. ಇದರಲ್ಲಿ ಯಾರ ಸಂಚೂ ಇರಲಿಲ್ಲ. ಸಂಚಿದೆ ಅಂತ ಮೊದಲು ಕೂಗಿದವನು ಶಾಂತಪ್ಪನೇ ಅನ್ನೋದನ್ನೂ ಇಲ್ಲಿ ಬರೆದಿಡಬೇಕು. ಅವನು ಮಂಜೇಶನ ಕಾಲರ್ ಹಿಡಿಯದಿದ್ದರೆ ಅವನ ಪೆಟ್ಟಿಗೆ ಯಾರೂ ತೆರೆಸುತ್ತಿರಲಿಲ್ಲ. ವ್ಯತ್ಯಾಸ ಇಷ್ಟೇ, ಶಾಂತಪ್ಪನ ಅನುಮಾನ ಕಾಲರಿನ ತನಕ ಹೋಯಿತು. ಓನರ್ ಅನುಮಾನಕ್ಕೆ ಸೀಲು ಇತ್ತು.

ಸುನಿಲ್ ಅಂಗೈಯನ್ನು ಕರ್ಚೀಫಿಗೆ ಒರೆಸಿಕೊಂಡು "ಆಯ್ತು, ನೋಡೋಣ" ಅಂದು ಹೋದರು.

ಅವತ್ತೇ ಟ್ಯಾಂಕು ಖಾಲಿಯಾಯಿತು. ನೀಲಿ ಡ್ರಮ್ಮು ಬೇಲಿ ಆಚೆ ಬಿತ್ತು. ಹೊಸ ಕೂಲೆಂಟು ಬಂತು. ಮಂಜೇಶ ಕೊಳವೆ ಕೊರೆದು, ಶಾಂತಪ್ಪನ ಕೋಲಿನಂಥದ್ದೇ ಒಂದು ಕೋಲು ಮಾಡಿಕೊಂಡು ಒಳಗೆ ಆಡಿಸಿದ. ಬಟ್ಟೆ ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ವಾರ ಬಿಟ್ಟು ಪುಟ್ಟರಾಜು ಫೋನ್ ಮಾಡಿದ.

"ಶಾಂತಪ್ಪ, ಸೋಮವಾರದಿಂದ ಬಂದ್ಬಿಡಪ್ಪ. ಸರ್ರೇ ಹೇಳಿದ್ರು. ಹಳೇದ್ನೆಲ್ಲ ಮರ್ತ್‌ಬಿಡಣ."

"ಸಂಬಳ?"

"ಮುಂದಿನ್ ತಿಂಗ್ಳು ನೋಡಣ."

"ಆ ಕಾಗದ?"

"ಅದ್ ಫೈಲಲ್ಲಿ ಇರ್ಲಿ ಬಿಡು. ಯಾರ್ ನೋಡ್ತಾರೆ?"

ಯಾರೂ ನೋಡದ ಕಾಗದ ಇಟ್ಟುಕೊಳ್ಳೋದು ಯಾಕೆ? ನಾಳೆ ಪಿ.ಎಫ್. ಅರ್ಜಿ ಮತ್ತೆ ಮೇಜಿನ ಮೇಲೆ ಬಂದಾಗ ಫೈಲು ತೆರೆದು, 'ನೀನು ಮಾಲು ಕೆಡಿಸಿದವನು, ದಯೆ ತೋರಿಸಿ ವಾಪಸ್ ತಗೊಂಡೆವು' ಅನ್ನೋಕೆ. ಉಕ್ಕಿನ ಒಳಗೆ ಕಾಣದ್ದನ್ನು ಬಟ್ಟೆಯಲ್ಲಿ ಓದುವವನಿಗೆ ಇಷ್ಟು ಓದೋದು ಕಷ್ಟವಾಗಲಿಲ್ಲ.

"ಗೀರು ಒಳಗೇ ಇಟ್ಟು ಮೇಲೆ ಪಾಲಿಶ್ ಹೊಡೀಬೇಡ ರೈಟ್ರೇ. ಅದ್ ಸುಳ್ಳು ಅಂತ ಕಾಗದ ಬರಸ್ಕಂಡ್ ಬಾ, ಆಮೇಲ್ ಕೆಲ್ಸ" ಅಂದು ಫೋನ್ ಇಟ್ಟ.

ಕಾಗದ ಬಂದಿಲ್ಲ. ಶಾಂತಪ್ಪ ಈಗ ಕೂಡಿಗೆಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಗೇಟು, ಗ್ರಿಲ್ಲುಗಳಿಗೆ ತೂತು ಹೊಡೆಯುತ್ತಾನೆ. ತೆಳು ಪಟ್ಟಿಯ ತೂತು, ಯಾವನಾದರೂ ಹೊಡೆಯುವಂಥದ್ದು. ಎರಡು ವರ್ಕ್‌ಶಾಪಿಗೆ ಕೆಲಸ ಕೇಳಿಕೊಂಡು ಹೋದಾಗ "ಓ, ತುತ್ತ ಹಾಕಿದ ಶಾಂತಪ್ಪನಾ?" ಅಂತ ಕೇಳಿ ಕಳಿಸಿದರು. ಕಾಫಿ ಕೋಲು ಮನೆಯ ಅಟ್ಟದಲ್ಲಿದೆ.

ಈಗ ನಿಮಗೆ. ತೋಟ ಇಟ್ಟುಕೊಂಡವರಿಗೆ, ಮಳೆಗೆ ಮುಂಚೆ ಪಂಪು ಕೊಳ್ಳೋಕೆ ಕೂಡ್ಲೂರಿಗೆ ಬರುವವರಿಗೆ. ಹೊಳೆದಂಡೆಯ ಕೌಂಟರಿನಲ್ಲಿ ಪಂಪು ಬಿಚ್ಚಿಸಿ ಕೊಳವೆಯೊಳಗೆ ಬೆರಳು ಹಾಕಿ. ನುಣ್ಣಗಿರುತ್ತೆ. ಯಾಕೆ ನುಣ್ಣಗಿದೆ ಅಂತ ಈಗ ನಿಮಗೆ ಗೊತ್ತು. ಬೆರಳು ಹೊರಗೆ ತೆಗೆದು, ದುಡ್ಡು ಎಣಿಸುವ ಮೊದಲು, ಕೌಂಟರಿನಲ್ಲಿ ಕೂತವರನ್ನು ಕೇಳಿ: "ಶಾಂತಪ್ಪನ ಸಂಬಳ ಕೊಟ್ರಾ? ಆ ಕಾಗದ ಸುಳ್ಳು ಅಂತ ಬರ್ದ್ ಕೊಟ್ರಾ?" ಇಲ್ಲ ಅಂದರೆ ಪಂಪನ್ನು ಅಲ್ಲೇ ಇಟ್ಟು ಹೊರಗೆ ಬನ್ನಿ. ಕೇಳುತ್ತೀರೋ ಇಲ್ಲವೋ, ಅದನ್ನು ಮೊದಲು ಹೇಳಿ.